ವಾಲ್ಯೂಮಿನ ಮೂವತ್ತು ಗೆರೆ

ನಮ್ಮೂರಿನಲ್ಲಿ ಕಾರಿನೊಳಗೆ ಕೂತು, ನಾಲ್ಕೂ ಬಾಗಿಲು ಹಾಕಿ, ಗಾಜು ಏರಿಸಿಕೊಂಡು ಆಡಿದ ಮಾತಷ್ಟೇ ಮಾತು. ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು, ಯಾರೂ ತಡೆಯುವುದಿಲ್ಲ. ಆದರೆ ಅದಕ್ಕೆ ಸೀನಿದಷ್ಟೇ ಬೆಲೆ. ಹೆಣ್ಣು ಕೊಡುವ ಮಾತು, ಪಾಲು ಬಿಡುವ ಮಾತು, ತಪ್ಪಾಯಿತು ಎನ್ನುವ ಮಾತು ಎಲ್ಲವೂ ಕಾರಿನಲ್ಲೇ ಆಗಬೇಕು. ಡಾಕ್ಟರು ರೋಗಿಯನ್ನು ಆಸ್ಪತ್ರೆಯೊಳಗೆ ಪರೀಕ್ಷೆ ಮಾಡುತ್ತಾರೆ, ಕಾಯಿಲೆಯ ಹೆಸರು ಹೇಳುವುದಕ್ಕೆ ಹೊರಗೆ ಕಾರಿಗೆ ಕರೆತರುತ್ತಾರೆ. ಕಾರಿಲ್ಲದವರಿಗೆಂದು ಬಸ್ ಸ್ಟ್ಯಾಂಡಿನ ಹಿಂದೆ ಇಂಜಿನ್ ಕಳಚಿದ ಹಳೆಯ ಕಾರೊಂದನ್ನು ನಿಲ್ಲಿಸಿದ್ದಾರೆ. ಅದರ ಮುಂದೆ ಅತ್ತೆ ಸೊಸೆಯರು, ಮುನಿಸಿಕೊಂಡ ಅಣ್ಣತಮ್ಮಂದಿರು, ಕೆಲಸ ಬಿಡಬೇಕೆಂದಿರುವ ಗುಮಾಸ್ತರು ಸರದಿಯಲ್ಲಿ ನಿಂತಿರುತ್ತಾರೆ. ಚುನಾವಣೆಗೆ ನಿಂತವರು ಮಾತ್ರ ಬಯಲಿನಲ್ಲೇ ಭಾಷಣ ಮಾಡುತ್ತಾರೆ. ಇದಕ್ಕೆ ಇದುವರೆಗೂ ಯಾರೂ ಆಕ್ಷೇಪ ಎತ್ತಿಲ್ಲ.

ಕಾರಿನಲ್ಲಿ ನಮ್ಮವರು ಸುಳ್ಳು ಹೇಳುವುದಿಲ್ಲ. ಹೇಳಲೇಬೇಕಾದವರು ಇಳಿದು, ಬಾಗಿಲು ಹಾಕಿ, ಹೇಳಬೇಕಾದ್ದನ್ನು ಹೇಳಿ ಮತ್ತೆ ಹತ್ತುತ್ತಾರೆ. ಒಬ್ಬರು ‘ಕಾರಿಗೆ ಬನ್ನಿ’ ಎಂದರೆ ಇನ್ನೊಬ್ಬರು ಬರಲೇಬೇಕು. ಹೇಳಿದ್ದು ಎದುರಿನವರ ಕಿವಿಗೆ ಬಿದ್ದರೆ ಆ ಮಾತು ನಿಂತ ಹಾಗೆ. ಬೇಡ ಎನ್ನುವವರು ಇಳಿಯುವ ಮೊದಲೇ ಬೇಡ ಎನ್ನಬೇಕು, ಆ ‘ಬೇಡ’ವೂ ಮೊದಲು ಮಾತಾಡಿದವರ ಕಿವಿಗೆ ಬೀಳಬೇಕು. ಕಿವಿಗೆ ಬೀಳದಿದ್ದರೆ ಹೇಳಿಯೇ ಇಲ್ಲ. ನಿಯಮ ಇಷ್ಟೇ. ಇಷ್ಟು ಸಣ್ಣ ನಿಯಮದೊಳಗೆ ನಮ್ಮ ಗಂಡಸರು ಡಿಕ್ಕಿಯಷ್ಟು ದೊಡ್ಡ ಜಾಗ ಕಂಡುಕೊಂಡರು.

ಹಾರ್ನ್ ಒತ್ತಿ ಮಾತು ಮುಳುಗಿಸುವುದು ಹಳೆಯ ಪದ್ಧತಿ. ಡಿಕ್ಕಿಯನ್ನು ಮೊದಲು ಕಂಡುಕೊಂಡವರು ಜವಳಿ ಅಂಗಡಿಯ ಕೊಟ್ರೇಶಪ್ಪ. ಅವರ ಹೆಂಡತಿ ಯಾವುದೋ ಹಳೆಯ ಮಾತೆತ್ತಲು ಕಾರಿಗೆ ಕರೆದಾಗ, ಅವರು ಡಿಕ್ಕಿಯಲ್ಲಿ ಹೊಸದಾಗಿ ಕೂರಿಸಿದ್ದ, ಗುಡುಗಿನಂಥ ಸದ್ದಿನ ಪೆಟ್ಟಿಗೆಯಾದ ಸಬ್‌ವೂಫರ್ ಹಾಕಿದರು. ಆಕೆ ಅರ್ಧ ಗಂಟೆ ಮಾತಾಡಿದರು. ಕೊಟ್ರೇಶಪ್ಪ ಕೊನೆಗೆ ‘ಕೇಳಿಸಲಿಲ್ಲ’ ಎಂದರು. ಅದು ಸುಳ್ಳಾಗಿರಲಿಲ್ಲ, ಅದೇ ಅದರ ಸೊಗಸು. ಆರು ತಿಂಗಳೊಳಗೆ ಊರಿನ ಗೌರವಸ್ಥರ ಡಿಕ್ಕಿಗಳೆಲ್ಲ ತುಂಬಿ, ಪ್ರಯಾಣಕ್ಕೆ ಹೊರಟ ಹೆಂಗಸರು ಸೂಟ್‌ಕೇಸನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದನ್ನು ಕಲಿತರು. ಮೊದಮೊದಲು ಹಾಡು ಹಾಕುತ್ತಿದ್ದರು. ಪಶುವೈದ್ಯರೊಬ್ಬರು ದಾರಿಯಲ್ಲಿ ಹತ್ತಿಸಿಕೊಂಡ ಹೆಂಗಸಿನ ಎದುರು ಪ್ರೇಮಗೀತೆ ಹಾಕಿ, ಎರಡನೆಯ ಚರಣ ಮುಗಿಯುವುದರೊಳಗೆ ಮದುವೆಗೆ ಬದ್ಧರಾಗಿಬಿಟ್ಟ ಮೇಲೆ ಮಾತಿರುವ ಹಾಡುಗಳು ನಿಂತವು. ಈಗ ಅಂಗಡಿಗಳಲ್ಲಿ ಪದಗಳನ್ನೂ ರಾಗವನ್ನೂ ತೆಗೆದು ಬರೀ ದಬ್ ದಬ್ ಉಳಿಸಿದ ಹಾಡುಗಳು ಸಿಗುತ್ತವೆ. ಅವುಗಳಲ್ಲೂ ಹಳೆಯದು ಚೆನ್ನಾಗಿತ್ತು, ಹೊಸದರಲ್ಲಿ ಭಾವವಿಲ್ಲ ಎಂದು ವಾದ ಮಾಡುವವರಿದ್ದಾರೆ.

ನನ್ನ ಹೆಸರು ದಾಕ್ಷಾಯಣಿ. ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಗಂಡ ತಿಪ್ಪೇಸ್ವಾಮಿ ಊರ ಹೊರಗೆ ಲಾರಿಗಳನ್ನು ತೂಗುವ ವೇಬ್ರಿಜ್ ನಡೆಸುತ್ತಾರೆ. ಮನೆಯೊಳಗೆ ಅವರಷ್ಟು ಉದಾರಿ ಇನ್ನೊಬ್ಬರಿಲ್ಲ. ‘ನಿನಗೆ ಇಷ್ಟ ಇದ್ರೆ ಹೋಗು ದಾಕ್ಷಿ, ನಾನು ಯಾವತ್ತಾದ್ರೂ ಬೇಡ ಅಂದಿದೀನಾ?’ ಎಂದು ಊಟದ ತಟ್ಟೆಯ ಮುಂದೆ ಎಷ್ಟು ಸಲ ಕೇಳಿದ್ದಾರೋ. ಬೇಡ ಎಂದಿಲ್ಲ, ನಿಜ. ಹನ್ನೆರಡು ವರ್ಷದ ಹಿಂದೆ ನನಗೆ ಮೊದಲ ಬಡ್ತಿ ಬಂದಾಗ ನಾನು ಅವರನ್ನು ಕಾರಿಗೆ ಕರೆದೆ. ಆಗ ಅವರು ನಾನು ಬಾಯಿ ತೆರೆದು ಮುಚ್ಚುವವರೆಗೆ ಹಾರ್ನ್ ಒತ್ತಿ ಹಿಡಿದಿದ್ದರು. ಆರು ವರ್ಷದ ಹಿಂದೆ ಎರಡನೆಯದು ಬಂದಾಗ ಓಲಗದ ಕ್ಯಾಸೆಟ್ ಹಾಕಿದರು. ಎರಡು ಸಲವೂ ಕಾರಿಂದ ಇಳಿದು, ಬಾಗಿಲು ಹಾಕಿ, ‘ಏನೋ ಹೇಳ್ತಿದ್ದೆಯಲ್ಲ, ಏನದು?’ ಎಂದು ಅಕ್ಕರೆಯಿಂದ ಕೇಳಿದರು.

ಈ ಸಲ ಮೂರನೆಯದು. ಗುಡ್ಡದಾಚೆಯ ಊರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗಬೇಕು. ಸೋಮವಾರ ಹೋದರೆ ಶನಿವಾರ ಬರುವಷ್ಟು ದೂರ. ಮೂರು ಸಲ ಬಿಟ್ಟವರ ಹೆಸರನ್ನು ಪಟ್ಟಿಯಿಂದ ತೆಗೆದುಬಿಡುತ್ತಾರೆ. ಒಪ್ಪಿಗೆ ಪತ್ರವನ್ನು ಶನಿವಾರ ಸಂಜೆ ಐದರೊಳಗೆ ಕಚೇರಿಗೆ ಕೊಡಬೇಕಿತ್ತು. ಪತ್ರದ ಕೊನೆಯಲ್ಲಿ ಒಂದು ಸಾಲು: ‘ಯಜಮಾನರೊಂದಿಗೆ ಕಾರಿನಲ್ಲಿ ಮಾತಾಗಿದೆಯೇ? ಹೌದು / ಇಲ್ಲ.’ ಗಂಡಸರ ಪತ್ರದಲ್ಲಿ ಈ ಸಾಲಿಲ್ಲ. ಆ ಜಾಗದಲ್ಲಿ ಅವರ ರಕ್ತದ ಗುಂಪು ಕೇಳುತ್ತಾರೆ.

ಆದೇಶ ಬಂದದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ನನ್ನ ಗಂಡ ಹನ್ನೆರಡು ಇಂಚಿನ ಸಬ್‌ವೂಫರ್ ತಂದರು. ‘ಕೊಟ್ರೇಶಿದು ಹತ್ತಿಂಚು’ ಎಂದರು. ಬುಧವಾರ ಅದನ್ನು ಕೂರಿಸಲು ಹೊರಟಾಗ ನನ್ನನ್ನೂ ಕರೆದರು.

‘ನಾನ್ಯಾಕ್ರೀ?’

‘ಮಸ್ತಾನ್ ಸಾಹೇಬ್ರಿಗೆ ಕಿವಿ ಹೋಗಿದೆಯಲ್ಲ. ಟ್ಯೂನ್ ಮಾಡೋವಾಗ ಒಳಗೆ ಕೂತು ಕೇಳಿ ಹೇಳೋರು ಒಬ್ಬರು ಬೇಕಂತೆ. ನಿನ್ನ ಕಿವಿ ಚುರುಕು.’

ನನ್ನ ಕಿವಿಯ ಬಗ್ಗೆ ಅವರು ಹೇಳಿದ ಮೊದಲ ಒಳ್ಳೆಯ ಮಾತದು. ಅದನ್ನೂ ಅಂಗಳದಲ್ಲಿ ನಿಂತು ಹೇಳಿದರು.

ಮಸ್ತಾನ್ ಸಾಹೇಬರು ಅರವತ್ತು ದಾಟಿದವರು. ಊರಿನ ಅರ್ಧದಷ್ಟು ಡಿಕ್ಕಿಗಳಿಗೆ ಪೆಟ್ಟಿಗೆ ಕೂರಿಸಿ ಕೂರಿಸಿ ಎರಡೂ ಕಿವಿ ಕಳೆದುಕೊಂಡಿದ್ದರು. ಈಗ ಎದುರಿನವರ ಮುಖ ನೋಡಿ ಮಾತು ತಿಳಿಯುತ್ತಾರೆ, ಸದ್ದನ್ನು ಅಂಗೈಯಲ್ಲಿ ಮುಟ್ಟಿ ನೋಡುತ್ತಾರೆ. ಬಾನೆಟ್ ಎತ್ತಿ ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ಕೆಂಪು ವೈರನ್ನು ಕಾರಿನ ಬಲಗಡೆಯಿಂದಲೂ ಹಾಡು ಸಾಗಿಸುವ ವೈರನ್ನು ಎಡಗಡೆಯಿಂದಲೂ ಹಿಂದಕ್ಕೆ ಎಳೆದರು.

‘ಇವೆರಡನ್ನ ಒಟ್ಟಿಗೆ ಬಿಡಬಾರದು ಟೀಚರಮ್ಮ. ಒಟ್ಟಿಗೆ ಮಲಗಿಸಿದ್ರೆ ಇಂಜಿನ್ ಕೊಸರೋದೆಲ್ಲ ಹಾಡಲ್ಲಿ ಬರುತ್ತೆ.’

‘ಸಂಸಾರ ಇದ್ದಂಗೆ ಅನ್ನಿ’ ಎಂದರು ನನ್ನ ಗಂಡ.

‘ಏನಂದ್ರಿ?’ ಎಂದರು ಮಸ್ತಾನ್ ಸಾಹೇಬರು. ಅವರಿಗೆ ನಿಜಕ್ಕೂ ಕೇಳಿಸಿರಲಿಲ್ಲ. ನನ್ನ ಗಂಡ ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಹೇಳಿದ ತಮಾಷೆಗೆ ಯಾರೂ ನಗುವುದಿಲ್ಲ.

ಸಾಹೇಬರು ಡಿಕ್ಕಿಯ ತಳದಲ್ಲಿ ಒಂದು ರೂಪಾಯಿಯಗಲ ಬಣ್ಣ ಕೆರೆದು, ಕಬ್ಬಿಣ ಹೊಳೆಯುವ ತನಕ ಉಜ್ಜಿ, ಅಲ್ಲಿಗೆ ಅರ್ತ್ ವೈರು ಬಿಗಿದರು. ಹಿಂದಿನ ಸೀಟಿನ ಬೆನ್ನಿಗೆ, ಸದ್ದು ಹಿಗ್ಗಿಸುವ ಆಂಪ್ಲಿಫೈಯರನ್ನು ತಿರುಪು ಹಾಕಿ ಕೂರಿಸಿದರು. ಪೆಟ್ಟಿಗೆಯ ಬಾಯಿ ಯಾವ ಕಡೆ ಇರಬೇಕೆಂದು ನಾಲ್ಕು ಸಲ ತಿರುಗಿಸಿ ನೋಡಿದರು. ಆಮೇಲೆ ಡಿಕ್ಕಿಯ ಮುಚ್ಚಳ ಎತ್ತಿಯೇ ಬಿಟ್ಟು, ಹಿಂದಿನ ಸೀಟಿನ ಮೇಲಿನ ಹಲಗೆಯ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು.

‘ಸಾವ್ಕಾರ್ರು ಕೂರೋ ಜಾಗ ಇದೇ ತಾನೆ? ಇಲ್ಲಿ ಸದ್ದು ಯಾವಾಗ ತುಂಬಾ ಅನ್ಸುತ್ತೋ ಆಗ ಕೈ ಎತ್ತಿ. ನಾನು ಹಿಂದೆ ನಿಂತು ತಿರುಪ್ತೀನಿ. ಮೊದಲು ಗೇನ್. ಗೇನ್ ಅಂದ್ರೆ ವಾಲ್ಯೂಮ್ ಅಲ್ಲ, ಎಲ್ರೂ ಹಂಗೇ ತಿಳ್ಕೊಂಡು ಕೆಡಿಸ್ತಾರೆ. ಎಷ್ಟು ತಗೊಳ್ಳೋ ತಾಕತ್ತಿದೆಯೋ ಅಷ್ಟೇ ಕೊಡಬೇಕು. ಸದ್ದು ಬಟ್ಟೆ ಹರಿದಂಗೆ ಆಯ್ತು ಅಂದ್ರೆ ಹೇಳಿ, ಅಲ್ಲಿಂದ ಒಂದು ಕೂದಲೆಳೆ ಹಿಂದಕ್ಕೆ ಬರ್ತೀನಿ.’

ಹಾಗೆ ಶುರುವಾಯಿತು. ಸದ್ದು ಮೊದಲು ಬೆನ್ನಿಗೆ ತಾಗಿತು, ಆಮೇಲೆ ಎದೆಗೂಡಿಗೆ. ಹರಿದಂತಾದಾಗ ಹೇಳಿದೆ, ಅವರು ಕೂದಲೆಳೆ ಹಿಂದಕ್ಕೆ ಬಂದರು. ಕೀರಲು ಸದ್ದುಗಳನ್ನು ಸೋಸುವ ತಿರುಪು ತಿರುಗಿಸಿದರು. ಉಳಿದದ್ದು ನೆಲದೊಳಗಿನಿಂದ ಬಂದಂಥ ಗುಡುಗು. ಕನ್ನಡಿಯಲ್ಲಿ ಸಾಹೇಬರ ಮುಖ, ಅವರ ಹಿಂದೆ ರಸ್ತೆಯಾಚೆ ಕ್ಷೌರದಂಗಡಿಯ ಮುಂದೆ ಕೈಕಟ್ಟಿ ನಿಂತ ನನ್ನ ಗಂಡ. ಗಂಡಸರು ಯಾರೂ ತಮ್ಮ ಸಬ್‌ವೂಫರನ್ನು ಒಳಗೆ ಕೂತು ಪರೀಕ್ಷೆ ಮಾಡುವುದಿಲ್ಲ. ಎಷ್ಟು ಕಿಟಕಿ ನಡುಗಿದವು ಎಂಬುದು ಹೊರಗೆ ನಿಂತವರಿಗೇ ಕಾಣುವುದು.

‘ಈಗ ಫೇಸ್’ ಎಂದು ಕೂಗಿದ ಸಾಹೇಬರು, ಸದ್ದಿನ ಅಲೆಯನ್ನು ಏರುಪೇರು ಮಾಡುವ ಆಂಪ್ಲಿಫೈಯರಿನ ಒಂದು ಸಣ್ಣ ಸ್ವಿಚ್ಚನ್ನು ಉಗುರಿನಿಂದ ಆ ಕಡೆಗೆ ತಳ್ಳಿದರು. ‘ಬ್ಯಾಲೆನ್ಸ್ ಬಲಗಡೆ ಬಾಗಿಲಿನ ಸ್ಪೀಕರಿಗೆ ಹಾಕಿ ನೋಡಿ.’

ಹಾಕಿದೆ. ಸದ್ದು ಹೋಯಿತು.

ಕೆಟ್ಟಿತೆಂದುಕೊಂಡೆ. ಆದರೆ ಕನ್ನಡಿಯಲ್ಲಿ ಲೋಟದ ನೀರು ಕುಣಿಯುತ್ತಿತ್ತು, ಕ್ಷೌರದಂಗಡಿಯ ಗಾಜು ಬೆಳಕನ್ನು ಚಿಮ್ಮಿಸುತ್ತಿತ್ತು, ನನ್ನ ಗಂಡ ಕಿವಿಗಳಿಗೆ ಕೈ ಕೊಟ್ಟುಕೊಂಡು ಸಂತೋಷದಿಂದ ತಲೆಯಾಡಿಸುತ್ತಿದ್ದರು. ಎಡಗಡೆ ಸೀಟಿನ ಕಡೆ ಒಂದು ಗೇಣು ಬಾಗಿದೆ. ಗುಡುಗು ಕಪಾಳಕ್ಕೆ ಹೊಡೆಯಿತು. ನೆಟ್ಟಗೆ ಕೂತೆ, ಬಾವಿಯ ತಳದಷ್ಟು ಮೌನ. ಪ್ರತಿ ವರ್ಷ ಏಳನೆಯ ತರಗತಿಗೆ ಬೋರ್ಡಿನ ಮೇಲೆ ಎರಡು ಅಲೆ ಬರೆದು ತೋರಿಸುತ್ತೇನೆ: ಒಂದರ ಏರಿಗೆ ಇನ್ನೊಂದರ ಇಳಿವು ಸೇರಿದರೆ ಎರಡೂ ಸತ್ತು ಗೆರೆ ಚಪ್ಪಟೆಯಾಗುತ್ತದೆ. ಬೋರ್ಡಿನ ಮೇಲಿನ ಆ ಚಪ್ಪಟೆ ಗೆರೆಯೊಳಗೆ ನಾನೇ ಒಂದು ದಿನ ಕೂತಿರುತ್ತೇನೆಂದು ಎಣಿಸಿರಲಿಲ್ಲ. ಡಿಕ್ಕಿಯ ಸದ್ದೂ ಬಲಬಾಗಿಲಿನ ಸದ್ದೂ ಸರಿಯಾಗಿ ಅಲ್ಲೇ, ಡ್ರೈವರ್ ಸೀಟಿನಲ್ಲೇ ಒಂದನ್ನೊಂದು ನುಂಗುತ್ತಿದ್ದವು.

‘ಹೆಂಗಿದೆ ಟೀಚರಮ್ಮ?’

ಸ್ವಿಚ್ಚು ತಪ್ಪು ಕಡೆಗಿದೆ ಎನ್ನಬೇಕಿತ್ತು. ಇಪ್ಪತ್ತೆರಡು ವರ್ಷ ಯಾವ ತಪ್ಪನ್ನು ಕಂಡರೂ ಕೆಂಪು ಶಾಯಿಯಲ್ಲಿ ತಿದ್ದಿದವಳು ನಾನು. ಕೈ ತೊಡೆಯ ಮೇಲೆ ಸ್ವಲ್ಪ ಹೊತ್ತು ಭಾರವಾಗಿ ಕೂತಿತ್ತು. ಆಮೇಲೆ ಎತ್ತಿದೆ.

ಸಾಹೇಬರು ನನ್ನ ಕೈ ನೋಡಿದರು, ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಮುಖ ನೋಡಿ ಮಾತು ತಿಳಿಯುವವರು. ಏನೂ ಕೇಳದೆ ಸ್ವಿಚ್ಚಿನ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು. ನನ್ನ ಗಂಡ ರಸ್ತೆ ದಾಟಿ ಬಂದಾಗ ಹೇಳಿದರು: ‘ಸಾವ್ಕಾರ್ರೆ, ಸ್ಪೀಕರಿನ ಕೋನ್ ಹೊಸದು. ಶನಿವಾರದ ತನಕ ವಾಲ್ಯೂಮ್ ನಾಲ್ಕು ಗೆರೆ ಮೇಲೆ ಹೋಗಬೇಡಿ, ಹರಿದುಹೋಗುತ್ತೆ.’

‘ಶನಿವಾರದ ಮೇಲೆ?’

‘ಮೂವತ್ತಕ್ಕೂ ಹೋಗಿ.’

ಆ ಮೂರು ದಿನ ನನಗೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಸೊಪ್ಪು ಬಿಡಿಸುತ್ತ, ಇಸ್ತ್ರಿ ಮಾಡುತ್ತ ನನ್ನನ್ನೇ ಕೇಳಿಕೊಂಡೆ: ನನಗೆ ಬೇಕಾದದ್ದು ಅವರ ಒಪ್ಪಿಗೆಯೋ, ಹೆಡ್‌ಮಿಸ್ ಎನ್ನುವ ಕುರ್ಚಿಯೋ, ಅಥವಾ ಒಂದು ಸಲ, ಒಂದೇ ಒಂದು ಸಲ, ನಾನು ಹೇಳಿದ್ದು ಅವರ ಕಿವಿಯೊಳಗೆ ಹೋಗುವುದನ್ನು ನೋಡುವುದೋ? ಮೂರನೆಯದೇ ಮೊದಲು ಬಂದದ್ದರಿಂದ ನನಗೇ ನಾಚಿಕೆಯಾಯಿತು. ಮೋಸ ಮಾಡುತ್ತಿದ್ದೇನೆಯೇ ಎಂದೂ ಅನ್ನಿಸಿತು. ಆದರೆ ಕೈ ಎತ್ತುವುದು ಮಾತಲ್ಲ, ಹಾಗಾಗಿ ಸುಳ್ಳೂ ಅಲ್ಲ. ನಮ್ಮೂರಿನಲ್ಲಿ ಹುಟ್ಟಿದವರಿಗೆ ಈ ಲೆಕ್ಕಾಚಾರ ಯಾರೂ ಕಲಿಸಬೇಕಾಗಿಲ್ಲ. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅವರು ‘ಆ ಬಡ್ತಿ ವಿಷಯ ಏನಾಯ್ತು? ಹೋಗು, ಹೋಗು. ಎಲ್ಲಾರಿಗೂ ಸಿಗುತ್ತಾ?’ ಎಂದರು. ಎಷ್ಟು ಹೃತ್ಪೂರ್ವಕವಾಗಿ ಹೇಳಿದರೆಂದರೆ ನನಗೆ ಒಂದು ಕ್ಷಣ ನಂಬಿಕೆ ಬಂತು. ಆಮೇಲೆ ಸುತ್ತ ನೋಡಿದೆ. ಕಾರಿರಲಿಲ್ಲ, ಸಾರಿನ ಪಾತ್ರೆಯಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಸೀರೆಯನ್ನೂ ಬದಲಿಸದೆ ಹೇಳಿದೆ: ‘ರೀ, ಕಾರಿಗೆ ಬನ್ನಿ.’

‘ಈಗಲೇನಾ?’

‘ಈಗಲೇ.’

ಅವರು ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದರು. ಹೊಸ ಯಂತ್ರದ ಮೊದಲ ಉಪಯೋಗ, ನಾಲ್ಕು ಜನ ನೋಡುವಂಥದ್ದು. ಕಾರು ಮನೆಯ ಮುಂದೆ ಬೇವಿನ ಮರದಡಿ ನಿಂತಿತ್ತು. ಅವರು ಬಲಗಡೆ ಕೂತರು, ನಾನು ಎಡಗಡೆ. ಒಪ್ಪಿಗೆ ಪತ್ರ ನನ್ನ ಬ್ಯಾಗಿನಲ್ಲಿತ್ತು. ಬಾಗಿಲು ಹಾಕಿ ಗಾಜು ಏರಿಸಿದೆವು. ಅವರು ನನ್ನ ಕಡೆ ನೋಡದೆ, ಪೂಜೆಗೆ ಮೊದಲು ಗಂಟೆ ಎತ್ತಿಕೊಳ್ಳುವವರ ಹಾಗೆ ವಾಲ್ಯೂಮಿನ ಗುಂಡಿ ಹಿಡಿದುಕೊಂಡರು.

ಐದು. ಹತ್ತು. ನನ್ನ ಕಿವಿಯ ಓಲೆ ನಡುಗತೊಡಗಿತು. ಅವರು ತಲೆ ಓರೆ ಮಾಡಿ ಆಲಿಸಿ ಹುಬ್ಬು ಗಂಟಿಕ್ಕಿದರು. ಹದಿನೈದು. ಕನ್ನಡಿಯಲ್ಲಿ ನಮ್ಮ ಬೀದಿ ಎರಡೆರಡಾಗಿ ಕಾಣತೊಡಗಿತು. ಅವರು ಸೆಟ್ಟಿನ ನೆತ್ತಿಗೆ ಬೆರಳಿನಿಂದ ತಟ್ಟಿದರು. ಇಪ್ಪತ್ತು. ಎದುರು ಮನೆಯ ಸರ್ವಮಂಗಳಮ್ಮ ಹೊರಗೆ ಬಂದು, ಅಭ್ಯಾಸವಾದವರ ಹಾಗೆ ಎರಡೂ ಅಂಗೈಯಿಂದ ತಮ್ಮ ಕಿಟಕಿಯ ಗಾಜುಗಳನ್ನು ಒತ್ತಿ ಹಿಡಿದುಕೊಂಡು ನಿಂತರು. ಮೂವತ್ತು. ಬೇವಿನ ಹಣ್ಣೆಲೆಗಳು ಬಾನೆಟ್ಟಿನ ಮೇಲೆ ಉದುರಿ ಅಲ್ಲೇ ಕುಣಿಯತೊಡಗಿದವು. ಅದರಾಚೆ ಗೆರೆಯಿರಲಿಲ್ಲ. ಅವರು ಗುಂಡಿಯನ್ನು ಇನ್ನೂ ತಿರುಗಿಸುತ್ತಲೇ ಇದ್ದರು.

ಹಿಂದಿನ ಎರಡು ಸಲ ನಾನು ಕೂಗಿದ್ದೆ. ಈ ಸಲ ಕೂಗಲಿಲ್ಲ. ಹಾಜರಿ ಕರೆಯುವ ಧ್ವನಿಯಲ್ಲಿ ಹೇಳಿದೆ.

‘ನಾನು ಗುಡ್ಡದಾಚೆ ಶಾಲೆಗೆ ಹೆಡ್‌ಮಿಸ್ ಆಗಿ ಹೋಗ್ತೀನಿ. ಸೋಮವಾರದಿಂದ.’

ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಗಂಟಲಿನಲ್ಲಿ ಅದರ ನಡುಕವಷ್ಟೇ ತಿಳಿಯಿತು. ಆದರೆ ಅವರ ಕೈ ಗುಂಡಿಯ ಮೇಲೆ ನಿಂತಿತು. ಅವರು ನನ್ನ ಕಡೆ ತಿರುಗಿದರು. ನಾನು ಆ ಮುಖವನ್ನು ಮೊದಲು ನೋಡಿರಲಿಲ್ಲ. ತೂಕದ ಕಲ್ಲು ತಪ್ಪಿ ಕಾಲಿನ ಮೇಲೆ ಬಿದ್ದವರ ಮುಖ. ಕಿವಿಗೆ ಬಿದ್ದಿತ್ತು.

ಅವರ ತುಟಿಗಳು ಒಂದನ್ನೊಂದು ಒತ್ತಿ ಬಿಟ್ಟವು. ಆ ಆಕಾರ ನನಗೆ ಗುರುತಿತ್ತು. ಗುರುತಿರುವುದು ಬೇರೆ, ಕೇಳಿಸುವುದು ಬೇರೆ.

‘ಕೇಳಿಸಲಿಲ್ಲ’ ಎಂದೆ. ಅದು ಸುಳ್ಳಾಗಿರಲಿಲ್ಲ.

ಅವರು ಮತ್ತೆ ಅಂದರು. ಕತ್ತಿನ ನರ ಉಬ್ಬಿತು, ಎಂಜಲು ಸಿಡಿದು ಸ್ಟೀರಿಂಗಿನ ಮೇಲೆ ಬಿತ್ತು. ನನ್ನ ಸೀಟಿನಲ್ಲಿ ಹನ್ನೆರಡು ಇಂಚಿನ ಗುಡುಗು ಬಿಟ್ಟರೆ ಬೇರೇನೂ ಇರಲಿಲ್ಲ.

‘ಕೇಳಿಸಲಿಲ್ಲ ರೀ.’

ಆಗ ಅವರಿಗೆ ತಿಳಿಯಿತು. ಎಲ್ಲವೂ ತಿಳಿಯಿತೋ, ಅರ್ಧ ತಿಳಿಯಿತೋ ಹೇಳಲಾರೆ. ಗುಂಡಿಯ ಕಡೆಗೆ ಕೈ ಚಾಚಿದರು, ಆರಿಸಲಿಕ್ಕೆ. ಒಂದು ತಿರುವು ಸಾಕು. ಆರಿಸಿ ‘ಬೇಡ’ ಎಂದರೆ ನಾನು ಕೇಳಿಸಿಕೊಳ್ಳಲೇಬೇಕಿತ್ತು. ಹನ್ನೆರಡು ವರ್ಷ ಅಷ್ಟರಲ್ಲಿ ಮುಗಿಯುತ್ತಿತ್ತು.  ಆದರೂ ಹೇಳಿದೆ:

‘ಆರಿಸಿ. ಆರಿಸಿ ಹೇಳಿ. ಆಮೇಲೆ ಯಾಕೆ ಬೇಡ ಅಂತ ಕೇಳ್ತೀನಿ, ಹಾರ್ನ್ ಯಾಕೆ ಒತ್ತಿದ್ರಿ ಅಂತಾನೂ ಕೇಳ್ತೀನಿ. ಇಳಿಯೋ ಹಾಗಿಲ್ಲ, ಇಲ್ಲೇ ಕೂತು ಹೇಳಬೇಕು. ಕಾರಲ್ಲಿ ಸುಳ್ಳು ಹೇಳೋ ಹಾಗಿಲ್ಲ, ನಿಮಗೇ ಗೊತ್ತಲ್ಲ.’

ಕೈ ಗುಂಡಿಯಿಂದ ಒಂದಂಗುಲ ದೂರದಲ್ಲಿ ನಿಂತಿತು. ಊರಿನ ಎಷ್ಟೋ ಲಾರಿಗಳ ಭಾರ ಹೇಳಿದ ಮನುಷ್ಯ ಅವರು. ಈ ಒಂದಂಗುಲವನ್ನು ಬಹಳ ಹೊತ್ತು ತೂಗಿದರು. ಎಡಗೈ ಗುಂಡಿಯ ಮುಂದೆ, ಬಲಗೈ ಬಾಗಿಲಿನ ಹಿಡಿಯ ಮೇಲೆ. ಯಾಕೆ ಬೇಡ ಎಂಬುದಕ್ಕೆ ಉತ್ತರ ಅವರಿಗೆ ಗೊತ್ತಿತ್ತೆಂದು ಆ ಮುಖ ನೋಡಿದಾಗ ನನಗೆ ಅನ್ನಿಸಿತು. ಅದೇನು ಅಂಥ ದೊಡ್ಡ ಉತ್ತರವಾಗಿರಲಿಕ್ಕಿಲ್ಲ. ಸಣ್ಣದೇ ಇರಬೇಕು, ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ಹೆಡ್‌ಮಿಸ್ ಗಂಡ ಎಂದು ವೇಬ್ರಿಜ್ಜಿನಲ್ಲಿ ಯಾರಾದರೂ ಕರೆದಾರೆಂಬ ಅಳುಕಿರಬಹುದು. ಸಂಜೆ ಮನೆಗೆ ಬಂದಾಗ ದೀಪ ತಾನೇ ಹಾಕಬೇಕಾಗುತ್ತದೆ ಎಂಬ ಭಯವಿರಬಹುದು. ಹೇಳಿದ್ದರೆ, ಯಾರು ಬಲ್ಲರು, ನಾನೇ ಪತ್ರ ಹರಿದು ಹಾಕುತ್ತಿದ್ದೆನೋ ಏನೋ.

ಅವರು ಬಾಗಿಲು ತೆರೆದು ಇಳಿದುಬಿಟ್ಟರು.

ಹೊರಗೆ ಕಾಲಿಡುತ್ತಲೇ ತಮ್ಮದೇ ಸಬ್‌ವೂಫರ್ ಅವರನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು. ಬೇವಿನ ಮರದಡಿ ನಿಂತು ಕೈಯಾಡಿಸುತ್ತ ಏನೇನೋ ಹೇಳಿದರು. ಅದು ಹೊರಗಿನ ಮಾತು. ಸರ್ವಮಂಗಳಮ್ಮ ಗಾಜು ಹಿಡಿದುಕೊಂಡೇ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದರು. ನಾನು ಕೈ ಚಾಚಿ ಗುಂಡಿ ತಿರುಗಿಸಿದೆ. ಮೂವತ್ತೂ ಗೆರೆ ಒಂದೊಂದಾಗಿ ಆರಿದವು. ಡ್ಯಾಶ್‌ಬೋರ್ಡಿನ ಮೇಲೆ ಪತ್ರವಿಟ್ಟು ಕೊನೆಯ ಸಾಲಿನಲ್ಲಿ ‘ಹೌದು’ ಎಂಬುದಕ್ಕೆ ಸುತ್ತು ಹಾಕಿದೆ. ಗೆದ್ದೆ ಎಂದು ಅನ್ನಿಸಬೇಕಿತ್ತು. ಕಾಲಿನಿಂದ ಚಪ್ಪಲಿ ಜಾರಿ ಹೋಗಿದ್ದದ್ದು ಕಾಣಿಸಿತು, ಅದನ್ನು ಹುಡುಕಿಕೊಂಡೆ. ನಾಲ್ಕೂವರೆಗೆ ಪತ್ರ ಕಚೇರಿ ತಲುಪಿತು.

ಈಗ ಪ್ರತಿ ಸೋಮವಾರ ಬಸ್ಸಿನಲ್ಲಿ ಗುಡ್ಡ ಹತ್ತುತ್ತೇನೆ. ಬಸ್ಸು ಕಾರಲ್ಲ, ಅಲ್ಲಿ ಯಾವ ಮಾತಿಗೂ ಬೆಲೆಯಿಲ್ಲ. ಪಕ್ಕದ ಸೀಟಿನವರ ಹತ್ತಿರ ಎರಡು ಗಂಟೆ ಬೆಲೆಯಿಲ್ಲದ ಮಾತಾಡುವುದು ಎಷ್ಟು ಹಗುರವೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯುತ್ತಿದೆ. ಹೆಡ್‌ಮಿಸ್ ಕುರ್ಚಿಯ ಒಂದು ಕಾಲು ಗಿಡ್ಡ, ಕೆಳಗೆ ಡಸ್ಟರ್ ಇಟ್ಟುಕೊಂಡಿದ್ದೇನೆ. ನನ್ನ ಗಂಡ ಒಂದು ದಿನ ಮಸ್ತಾನ್ ಸಾಹೇಬರ ಹತ್ತಿರ ಹೋಗಿ, ‘ನನ್ನ ಸೀಟಲ್ಲಿ ಸದ್ದೇ ಬರಲ್ಲ’ ಎಂದರಂತೆ. ಸಾಹೇಬರು, ‘ಸರಿ ಮಾಡಬಹುದು ಸಾವ್ಕಾರ್ರೆ, ಕೇಳಿ ಹೇಳೋಕೆ ಕಿವಿ ಬೇಕಲ್ಲ. ಟೀಚರಮ್ಮನ್ನ ಕರ್ಕೊಂಬನ್ನಿ’ ಎಂದರಂತೆ. ನನ್ನ ಗಂಡ ಇದುವರೆಗೂ ನನ್ನನ್ನು ಕರೆದಿಲ್ಲ. ಟೇಪು ಹಾಗೇ ಇದೆ.

ನಾಲ್ಕನೆಯ ಶನಿವಾರ ಅವರೇ ಬಸ್ ಸ್ಟ್ಯಾಂಡಿಗೆ ಕಾರು ತಂದಿದ್ದರು. ಸೂಟ್‌ಕೇಸು ತೊಡೆಯ ಮೇಲಿಟ್ಟುಕೊಂಡು ಕೂತೆ. ಊರಿನ ಮರ್ಯಾದೆಗೆ ತಕ್ಕಂತೆ ಮೂವತ್ತಕ್ಕೆ ಹಾಕಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಆ ಇಂಜಿನ್ ಇಲ್ಲದ ಕಾರು ದಾಟಿದ ಮೇಲೆ ಅವರ ತುಟಿಗಳು ಅಲುಗಿದವು. ‘ಬೇಡ’ ಎನ್ನುವ ಆಕಾರವಲ್ಲ ಅದು. ಮದುವೆಯಾದ ಇಷ್ಟು ವರ್ಷದಲ್ಲಿ ಆ ಮುಖದ ಮೇಲೆ ನಾನು ಕಾಣದ ಆಕಾರ.

‘ಕೇಳಿಸಲಿಲ್ಲ’ ಎಂದೆ.

ಅವರು ಎದುರು ಬಂದ ಲಾರಿಗೆ ದಾರಿ ಬಿಟ್ಟರು. ಆಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, ಕೈ ಚಾಚಿ ಒಂದು ಗೆರೆ ಇಳಿಸಿದರು.

ನಾನು ಕಿಟಕಿಯಾಚೆ ನೋಡುತ್ತ ಕಾದೆ. ಇನ್ನೂ ಇಪ್ಪತ್ತೊಂಬತ್ತಿದ್ದವು.